ಸೀಟಿ ಊದಿಸಿ ಸರ್ವರ್ ಪರೀಕ್ಷಿಸುವ ರೇಣುಕಾ

ಬೆಳಿಗ್ಗೆ ಆರೂಕಾಲು. ನೀಲಗುಂದದ ಹಾಲಿನ ಡೇರಿಯ ಮುಂದೆ ಕ್ಯಾನು, ತಂಬಿಗೆ, ಬಕೆಟ್ ಹಿಡಿದ ನಲವತ್ತಮೂರು ಮಂದಿ ಸಾಲುಗಟ್ಟಿದ್ದಾರೆ. ಒಂದು ಕೈಯಲ್ಲಿ ಹಾಲು, ಇನ್ನೊಂದರಲ್ಲಿ ಮೊಬೈಲು. ಡೇರಿಯ ಕಾರ್ಯದರ್ಶಿ ಗಾದೆಮ್ಮ ಕಟ್ಟೆಯ ಮೇಲೆ ನಿಂತು ಸೀಟಿ ಎತ್ತಿಕೊಳ್ಳುತ್ತಾರೆ.

‘ನಾ ಊದಿದ ಮ್ಯಾಲೆ ಒತ್ತಬೇಕು ನೋಡ್ರಿ. ಮದ್ಲ ಒತ್ತಿದೋರ ಹಾಲು ಕಡೀಗಿ ಅಳೀತೀನಿ!’

ಸೀಟಿ ಮೊಳಗುತ್ತದೆ. ನಲವತ್ತಮೂರು ಹೆಬ್ಬೆರಳು ಒಟ್ಟಿಗೇ ಪರದೆಗೆ ಬೀಳುತ್ತವೆ. ಒಂಬತ್ತು ಫೋನುಗಳಲ್ಲಿ ಜಾಲತಾಣ ತೆರೆದುಕೊಳ್ಳುತ್ತದೆ. ಉಳಿದವುಗಳಲ್ಲಿ ಚಕ್ರ ಗಿರಗಿರ ತಿರುಗಿ, ಪ್ರವೇಶವಿಲ್ಲ ಎಂಬ ಇಂಗ್ಲಿಷ್ ಸಾಲು ಬರುತ್ತದೆ. ‘ನಂದು ಬಿತ್ತು’, ‘ನಂದೂ ಬಿತ್ತು’ ಎಂದು ಸಾಲಿನಲ್ಲಿ ನಗುವೋ ನಗು. ಕಟ್ಟೆಯ ಮೂಲೆಯಲ್ಲಿ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತ ರೇಣುಕಾ ಮಾತ್ರ ನಗುವುದಿಲ್ಲ. ನೋಟ್‌ಬುಕ್ ತೆಗೆದು ‘ಕೆಂಚಿ: ಫೇಲು’ ಎಂದು ಬರೆಯುತ್ತಾರೆ.

ಮೂವತ್ತೆರಡರ ರೇಣುಕಾ ಹರಪನಹಳ್ಳಿಯ ಬಸ್ ನಿಲ್ದಾಣದ ಹಿಂದೆ ಜೆರಾಕ್ಸ್ ಅಂಗಡಿ ನಡೆಸುತ್ತಾರೆ. ಕುರಿ ಕಾಯುವ ಮನೆತನದಲ್ಲಿ ಹುಟ್ಟಿ, ಬಿಸಿಎ ಓದಿ, ಅರ್ಜಿ ತುಂಬುವ ಕೆಲಸದ ನಡುವೆಯೇ ಜಾಲತಾಣ ಕಟ್ಟುವುದನ್ನು ಕಲಿತವರು. ನಾಲ್ಕು ವರ್ಷದ ಹಿಂದೆ ಅವರು ಕುರಿಗಾರರಿಗೆಂದೇ ಒಂದು ತಾಣ ಮಾಡಿದರು. ಮೆಕ್ಕೆಜೋಳ ಕಟಾವಾದ ಮೇಲೆ ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ತರುಬಿಸುವುದು ಈ ಕಡೆಯ ವಾಡಿಕೆ. ಮಂದೆ ರಾತ್ರಿ ಹೊಲದಲ್ಲಿ ತಂಗಿದರೆ ಭೂಮಿಗೆ ಹಿಕ್ಕೆ, ಕುರಿಗಾರನಿಗೆ ಕಾಳುಕಡಿ. ಯಾರ ಹೊಲ ಖಾಲಿ ಇದೆ, ಯಾರದಕ್ಕೆ ಮಂದೆ ಬಂದಾಗಿದೆ ಎಂಬುದನ್ನು ರೈತರೇ ತಾಣದಲ್ಲಿ ಹಾಕುತ್ತಾರೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೇರಿ ಈಗ ಆರುನೂರ ಹನ್ನೆರಡು ರೈತರು, ನೂರನಲವತ್ತು ಮಂದೆಗಳು ಅದರಲ್ಲಿವೆ. ಯಾರಿಂದಲೂ ರೇಣುಕಾ ಬಿಡಿಗಾಸು ಪಡೆಯುವುದಿಲ್ಲ.

ಪುಕ್ಕಟೆ ಸೇವೆ ಎಂದಮೇಲೆ ಇಂಟರ್ನೆಟ್ಟಿನಲ್ಲಿ ತಾಣಕ್ಕೆ ಜಾಗ ಕೊಡುವ ಕಂಪನಿಯೂ ಅಗ್ಗದ್ದೇ ಆಗಬೇಕು. ಅಲ್ಲಿ ಒಂದೇ ಸರ್ವರಿನಲ್ಲಿ ನೂರಾರು ತಾಣಗಳು ಒತ್ತರಿಸಿಕೊಂಡಿರುತ್ತವೆ. ‘ವಠಾರಕ್ಕೆಲ್ಲ ಒಂದ ಬೋರು ಇದ್ದಂಗ್ರಿ. ಬಾಜೂ ಮನಿಯೋರು ನಲ್ಲಿ ಪೂರಾ ತಿರುಗಿಸಿದ್ರ ನಮ್ಮ ಕೊಡಕ್ಕ ಗಾಳಿ’ ಎನ್ನುತ್ತಾರೆ ರೇಣುಕಾ.

ಹೋದ ವರ್ಷ ಆದದ್ದೂ ಅದೇ. ಕಟಾವಿನ ವಾರ ಎಲ್ಲರೂ ಒಟ್ಟಿಗೇ ನುಗ್ಗಿದಾಗ ತಾಣ ಮೂರು ದಿನ ಮಲಗಿಬಿಟ್ಟಿತು. ಗುಡೇಕೋಟೆಯ ರೈತರೊಬ್ಬರ ಹೊಲಕ್ಕೆ ಬೇರೆ ಮಂದೆ ಬಂದಾಗಿತ್ತು. ಅದನ್ನು ತಾಣದಲ್ಲಿ ತಿಳಿಸಲು ಅವರಿಗೆ ಆಗಲೇ ಇಲ್ಲ. ಹೊಲ ಖಾಲಿ ಇದೆ ಎಂದು ತಾಣದಲ್ಲಿ ಮೊದಲೇ ನೋಡಿಟ್ಟಿದ್ದ ರೇಣುಕಾರ ಸೋದರಮಾವ ದೊಡ್ಡಬೀರಪ್ಪ ನೂರೆಂಬತ್ತು ಕುರಿ ಹೊಡೆದುಕೊಂಡು ಕೊಟ್ಟೂರಿನ ಕಡೆಯಿಂದ ಮೂರು ದಿನ ನಡೆದರು. ತಲುಪಿದರೆ ಬೇಲಿಯೊಳಗೆ ಬೇರೆಯವರ ಕುರಿ.

‘ಮಾವ ಬೈಲಿಲ್ರಿ. ಬೈದಿದ್ರ ಚಲೋ ಇತ್ತು’ ಎನ್ನುವಾಗ ರೇಣುಕಾರ ದನಿ ಇಳಿಯುತ್ತದೆ. ‘ಮರಿ ಹೊತ್ಕೊಂಡು ನಡದಿದ್ದ. ಮುಂದಿನ ಸಲ ಬಾಯಿ ಮಾತಿನ್ಯಾಗ ಕೇಳ್ಕಂತೀನಿ ಬಿಡವ್ವಾ ಅಂದ. ಅವತ್ತು ಅಂಗಡಿ ಶಟರ್ ಎಳದು ಅತ್ತೀನಿ.’

ಇನ್ನೊಮ್ಮೆ ತಾಣ ಬಿದ್ದರೆ ಕುರಿಗಾರರು ತಿರುಗಿಯೂ ನೋಡುವುದಿಲ್ಲ ಎಂಬುದು ಅವರಿಗೆ ಗೊತ್ತು. ಹಾಗಾಗಿ ಈ ಸಲ ಕಟಾವಿಗೆ ಎರಡು ತಿಂಗಳು ಮೊದಲೇ ಮೂರು ಅಗ್ಗದ ಕಂಪನಿಗಳನ್ನು ಆರಿಸಿ ಪರೀಕ್ಷೆಗೆ ಇಳಿದರು. ಕುರಿ ಕೊಳ್ಳುವವನು ಹಲ್ಲು ನೋಡಿ, ಬೆನ್ನು ಒತ್ತಿ, ನಾಲ್ಕು ಹೆಜ್ಜೆ ನಡೆಸಿದ ಮೇಲೆಯೇ ವ್ಯಾಪಾರ ಕುದುರಿಸುವುದು. ಇವರದೂ ಅದೇ ಪಟ್ಟು. ಕಂಪನಿಗಳಿಗೆ ಮನೆಯಲ್ಲಿ ಕುರಿ ಗುರುತಿಸುವಂತೆಯೇ ಹೆಸರಿಟ್ಟಿದ್ದಾರೆ: ಕುಂಟಿ, ಕರಿಕಿವಿ, ಕೆಂಚಿ. ನಿಜವಾದ ಹೆಸರು ಕೇಳಿದರೆ ನಕ್ಕು ಮಾತು ತೇಲಿಸುತ್ತಾರೆ.

ಜಾಹೀರಾತಿಗೆ ಅವರು ಮರುಳಾಗುವುದಿಲ್ಲ. ಮೊದಲ ವರ್ಷ ಅಗ್ಗ ಎಂದವರು ಎರಡನೇ ವರ್ಷ ಎಷ್ಟು ಕೇಳುತ್ತಾರೆ, ‘ಮಿತಿಯಿಲ್ಲ’ ಎಂದದ್ದಕ್ಕೆ ಸಣ್ಣಕ್ಷರದಲ್ಲಿ ಏನು ಮಿತಿ ಇದೆ, ಎಲ್ಲವನ್ನೂ ಓದುತ್ತಾರೆ. ಬೆಳಗಿನ ಐದಕ್ಕೆ ಬೇಕೆಂದೇ ಒಂದು ಪ್ರಶ್ನೆ ಕಳಿಸಿ ಉತ್ತರಕ್ಕೆ ಕಾಯುತ್ತಾರೆ. ಕುಂಟಿಯ ಉತ್ತರ ಬಂದದ್ದು ಮೂರನೇ ದಿನ, ಅದೂ ಬೇರೆ ಯಾರದೋ ಪ್ರಶ್ನೆಗೆ. ಕರಿಕಿವಿ ಚುರುಕು. ಆದರೆ ಪರೀಕ್ಷೆಗೆಂದು ತಾವೇ ಅಳಿಸಿದ ಪುಟವನ್ನು ವಾಪಸ್ ಕೇಳಿದಾಗ ಅದು ಕೊಟ್ಟದ್ದರಲ್ಲಿ ಕನ್ನಡವೇ ಇರಲಿಲ್ಲ. ‘ಬರೇ ಪ್ರಶ್ನೆ ಚಿಹ್ನೆರಿ! ಗುಡೇಕೋಟಿಗೂ ಪ್ರಶ್ನೆ ಚಿಹ್ನೆ, ಹಡಗಲಿಗೂ ಪ್ರಶ್ನೆ ಚಿಹ್ನೆ. ಕುರಿ ಹೊಡ್ಕಂಡು ಎಲ್ಲಿಗಿ ಹೋಗ್ಬೇಕು?’ ಎಂದು ಈಗ ಹೊಟ್ಟೆ ಹಿಡಿದು ನಗುತ್ತಾರೆ.

ಉಳಿದದ್ದು ಕೆಂಚಿ. ಸಾಲಿನಲ್ಲಿ ನಿಲ್ಲುವ ಮಂದಿಯಿಂದ ಒಟ್ಟಿಗೇ ಒತ್ತಿಸುವ ಕೊನೆಯ ಪರೀಕ್ಷೆಗೆ ನೀಲಗುಂದದ ಡೇರಿಗಿಂತ ಒಳ್ಳೆಯ ಜಾಗವಿರಲಿಲ್ಲ. ಅದೂ ಬಿದ್ದಾಗ ರೇಣುಕಾ ಡೇರಿಯ ಕಟ್ಟೆಯಿಂದಲೇ ಕಂಪನಿಗೆ ಖಾರವಾಗಿ ಬರೆದರು. ಕಟಾವಿಗೆ ಉಳಿದದ್ದು ಮೂರೇ ವಾರ. ಹನ್ನೊಂದು ನಿಮಿಷದಲ್ಲಿ ಉತ್ತರ ಬಂತು. ಒಂದೇ ಇಂಟರ್ನೆಟ್ ವಿಳಾಸದಿಂದ ಒಂದೇ ಕ್ಷಣದಲ್ಲಿ ನಲವತ್ತಮೂರು ಸಲ ಬಾಗಿಲು ಬಡಿದದ್ದನ್ನು ಕಂಡು, ಯಾರೋ ಕಿಡಿಗೇಡಿ ದಾಳಿ ಮಾಡುತ್ತಿದ್ದಾನೆಂದು ನಮ್ಮ ಕಾವಲು ವ್ಯವಸ್ಥೆ ತಡೆಯಿತು, ಎಂದು.

ಒಂದೇ ವಿಳಾಸ! ರೇಣುಕಾ ತಿರುಗಿ ಗಾದೆಮ್ಮನ ಮುಖ ನೋಡಿದರು.

‘ಗಾದೆಕ್ಕಾ, ಇವರೆಲ್ಲ ಯಾರ ನೆಟ್‌ನ್ಯಾಗ ಅದಾರ?’

‘ನಮ್ಮ ಡೇರಿ ವೈಫೈನ್ಯಾಗ! ನಿನ್ನ ಕೆಲಸಕ್ಕ ಬಂದ ಮಂದಿ, ತಮ್ಮ ನೆಟ್ ಯಾಕ ಸುಡಬೇಕು? ಬಂದೋರಿಗೆ ನೀರು ಕೊಟ್ಟಂಗ ನಾನ ಎಲ್ಲಾರಿಗೂ ಪಾಸ್‌ವರ್ಡ್ ಹೇಳೀನಿ’ ಎಂದರು ಗಾದೆಮ್ಮ, ಹೆಮ್ಮೆಯಿಂದ.

ಒಂದೇ ವೈಫೈಯಿಂದ ಹೋದವರೆಲ್ಲ ಹೊರಗಿನವರಿಗೆ ಒಂದೇ ವಿಳಾಸವಾಗಿ ಕಾಣುತ್ತಾರೆ. ಆತಿಥ್ಯ ಹೆಚ್ಚಾಗಿ ಕೆಂಚಿಯ ತಲೆಗೆ ಬಂದಿತ್ತು. ರೇಣುಕಾ ‘ಫೇಲು’ ಎಂಬುದನ್ನು ಹೊಡೆದುಹಾಕಿ, ಕಂಪನಿಗೆ ಕ್ಷಮೆ ಕೇಳಿ ಬರೆದರು. ‘ತಪ್ಪು ನಮ್ಮದಿದ್ದಾಗ ಹೇಳ್ಬೇಕಲ್ರಿ. ಕುರಿ ಚಲೋ ಐತಿ, ಹಿಡಿಯೋರು ಕಾಲು ಕಟ್ಟಿ ನಡಿ ಅಂದ್ರ?’

ಮರುದಿನ ವೈಫೈ ಬಂದ್. ಎಲ್ಲರೂ ತಂತಮ್ಮ ನೆಟ್ಟಿನಲ್ಲಿ. ಸೀಟಿ ಮೊಳಗಿತು. ನಲವತ್ತಮೂರಕ್ಕೆ ನಲವತ್ತಮೂರೂ ಫೋನುಗಳಲ್ಲಿ ತಾಣ ತೆರೆಯಿತು. ಒಬ್ಬರು ಖುಷಿಗೆ ಕೈ ಮೇಲೆತ್ತಿ ಅರ್ಧ ತಂಬಿಗೆ ಹಾಲು ಚೆಲ್ಲಿಕೊಂಡರು. ಗಾದೆಮ್ಮ ಎರಡನೇ ಸಲ, ಮೂರನೇ ಸಲ ಊದಿದರು; ರೇಣುಕಾ ಸಾಕೆಂದರೂ ನಿಲ್ಲಿಸಲಿಲ್ಲ.

ಈಗ ತಾಣ ಕೆಂಚಿಯಲ್ಲಿದೆ, ಕಟಾವು ಭರದಲ್ಲಿದೆ. ಒಂದು ಬೆಳಿಗ್ಗೆ ಒಂದೇ ತಾಸಿನಲ್ಲಿ ತಾಣ ಎರಡು ಸಾವಿರದ ನೂರು ಸಲ ತೆರೆದುಕೊಂಡಿತು. ರೇಣುಕಾ ಜೆರಾಕ್ಸ್ ಯಂತ್ರ ಬಂದ್ ಮಾಡಿ, ಫೋನನ್ನು ಎದುರಿಗಿಟ್ಟುಕೊಂಡು, ದೂರು ಬಂದೀತೆಂದು ಕಾದು ಕೂತರು. ಮಧ್ಯಾಹ್ನವಾದರೂ ಒಂದು ಕರೆ ಬರಲಿಲ್ಲ. ತಡೆಯಲಾಗದೆ ತಾವೇ ಮಾವನಿಗೆ ಫೋನ್ ಹಚ್ಚಿದರು. ಬಾಯಿ ಮಾತನ್ನೇ ನೆಚ್ಚುತ್ತೇನೆ ಎಂದಿದ್ದ ದೊಡ್ಡಬೀರಪ್ಪ ಗುಡೇಕೋಟೆಯ ಹೊಲವೊಂದರಲ್ಲಿ ಆಗಲೇ ಬಲೆ ಕಟ್ಟಿ ಕುರಿ ತರುಬಿದ್ದರು.

‘ಹೊಲ ಹೆಂಗ ಸಿಕ್ತು ಮಾವ? ಯಾರನ್ನ ಕೇಳಿದಿ?’

‘ಯಾರನ್ನ ಕೇಳಲಿ? ಫೋನ್‌ನ್ಯಾಗ ಒತ್ತಿದೆ, ಬಂತು. ಅದರದೇನೈತಿ ಬಿಡು. ನೀ ಉಂಡೇನವ್ವಾ?’

ಅದನ್ನು ಹೇಳುವಾಗ ರೇಣುಕಾರ ಕಣ್ಣಲ್ಲಿ ನೀರು, ಮುಖದ ತುಂಬ ನಗು. ಅಂಗಡಿಯ ಮುಂದೆ ಆಧಾರ್ ಪ್ರತಿ ಹಿಡಿದು ಗಿರಾಕಿಗಳು ಕಾಯುತ್ತಿದ್ದಾರೆ. ಎದ್ದು ಯಂತ್ರದ ಗುಂಡಿ ಒತ್ತುತ್ತಾ ಹೇಳುತ್ತಾರೆ:

‘ಹೋದ್ವರ್ಷ ಐದೂ ತಾಲೂಕಿನ ಕುರಿಗಾರರ ಬಾಯಾಗ ನನ್ನ ಹೆಸರು ಇತ್ರಿ. ಈ ವರ್ಷ ಒಬ್ಬರ ಬಾಯಾಗೂ ಇಲ್ಲ. ಹಿಂಗ ಇರ್ಲಿ.’