ಚಿಕ್ಕಮ್ಮನ ಕೊರಳಲ್ಲಿದ್ದ ಆಫೀಸು

ನನ್ನ ಚಿಕ್ಕಮ್ಮ ವಿಮಾ ಆಫೀಸೊಂದರ ನೆಲ ಒರೆಸುತ್ತಿದ್ದಳು. ಎಳೆಬಿಸಿಲು ಮೆಟ್ಟಿಲು ಮುಟ್ಟುವ ಮೊದಲೇ ಅವಳು ಅಲ್ಲಿರುತ್ತಿದ್ದಳು.

ಆ ಆಫೀಸಿಗೆ ಹೊಸ ಬಾಗಿಲು ಬಂತು. ನೀಲಿ ಬಿಲ್ಲೆಯೊಂದನ್ನು ಗೋಡೆಯ ಯಂತ್ರಕ್ಕೆ ತೋರಿಸಿದರೆ ತೆರೆದುಕೊಳ್ಳುತ್ತಿತ್ತು, ಹಾಜರಿಯೂ ಅದರಲ್ಲೇ. ಎಂಥ ಕಳ್ಳನಿಂದಲೂ ಈ ಬಿಲ್ಲೆಯ ನಕಲು ಸಾಧ್ಯವಿಲ್ಲ ಎಂದು ಮ್ಯಾನೇಜರ್ ಸಭೆ ಕರೆದು ಹೇಳಿದರು. ಚಿಕ್ಕಮ್ಮ ಗುತ್ತಿಗೆಯವಳು; ಭದ್ರತೆಯ ದೃಷ್ಟಿಯಿಂದ ಅವಳಿಗೆ ಬಿಲ್ಲೆ ಕೊಡಲಿಲ್ಲ.

ಮರುದಿನ ಅವಳು ಹೊರಗೇ ನಿಂತಳು, ಕಸ ಒಳಗೇ ಉಳಿಯಿತು. ಕ್ಯಾಷಿಯರ್ ತನ್ನ ಬಿಲ್ಲೆ ಕೊಟ್ಟ. "ಇಟ್ಕೊಳ್ಳಮ್ಮ. ಹೇಗೂ ಬೇಗ ಬರ್ತೀಯ, ನನ್ನ ಹಾಜರಿನೂ ಹಾಕ್ಬಿಡು."

ಸುದ್ದಿ ಹಬ್ಬಿದ್ದೇ ತಡ, ಬಿಲ್ಲೆಗಳೆಲ್ಲ ಅವಳ ಕೊರಳ ದಾರಕ್ಕೆ ಬಂದು ಸೇರಿದವು. ಮ್ಯಾನೇಜರರದು ಕೊನೆಗೆ ಬಂತು, ಲಕೋಟೆಯಲ್ಲಿ. ಯಾವ ಕಳ್ಳನೂ ಕಷ್ಟಪಡಬೇಕಾಗಲಿಲ್ಲ. ಎಲ್ಲರ ಹಾಜರಿ ಹಾಕಿ, ಅವರು ನಿಧಾನವಾಗಿ ಬರಲೆಂದು ಅವಳು ಬಾಗಿಲು ಮುಚ್ಚಿಕೊಳ್ಳದಂತೆ ಬಕೆಟ್ ಅಡ್ಡ ಇಡುತ್ತಿದ್ದಳು.

"ಇಡೀ ಆಫೀಸು ನಿನ್ನ ಕೊರಳಿಗೇ ಬಿತ್ತಲ್ಲೇ," ಎಂದು ಅಮ್ಮ ನಗುತ್ತಿದ್ದಳು.

"ಭಾರವೇನಿಲ್ಲ ಬಿಡಕ್ಕ. ಒಬ್ಬರಲ್ಲೂ ತೂಕವಿಲ್ಲ."

ಒಂದು ಬೆಳಿಗ್ಗೆ ತಂತಿ ಸುಟ್ಟು ಒಳಗೆ ಹೊಗೆ ತುಂಬಿತು. ಚಿಕ್ಕಮ್ಮ ಕೆಮ್ಮುತ್ತ ಹೊರಗೋಡಿ ಬಂದಳು. ಅಗ್ನಿಶಾಮಕದವರು ಬಾಗಿಲ ಬಳಿಯ ಯಂತ್ರದ ಪರದೆ ನೋಡಿದರು: ಸಿಬ್ಬಂದಿಯೆಲ್ಲ ಒಳಗಿದ್ದಾರೆ.

"ಒಳಗೆ ನುಗ್ಗ್ರಪ್ಪಾ!" ಎಂದ ಮುಖ್ಯಸ್ಥ.

"ಅಯ್ಯೋ, ಹೋಗ್ಬೇಡಿ! ಒಳಗೆ ಒಂದು ನರಪಿಳ್ಳೆಯೂ ಇಲ್ಲ."

"ನೀನ್ಯಾರಮ್ಮ? ಇದರಲ್ಲಿ ನಿನ್ನ ಹೆಸರೇ ಇಲ್ಲವಲ್ಲ. ಪಕ್ಕಕ್ಕೆ ಸರಿ."

ದಾರ ಹೊರಗೆಳೆದರೆ ಅವಳ ಕೆಲಸ ಹೋಗುತ್ತಿತ್ತು. ಎಳೆಯದಿದ್ದರೆ ಯಾರದೋ ಮಕ್ಕಳು ಆ ಹೊಗೆಯೊಳಗೆ, ಇಲ್ಲದವರನ್ನು ಹುಡುಕಿಕೊಂಡು ಹೋಗುತ್ತಿದ್ದರು. ಅವಳು ಎಳೆದಳು.

"ನೋಡಿ ಸ್ವಾಮಿ, ಎಲ್ಲರೂ ಇಲ್ಲೇ ಇದ್ದಾರೆ."

ವಿಚಾರಣೆ ನಡೆಯಿತು. ಬಿಲ್ಲೆ ನಿರ್ದೋಷಿ, ಸಿಬ್ಬಂದಿ ಅಮಾಯಕರು, ತಪ್ಪು ಚಿಕ್ಕಮ್ಮನದು ಎಂದಾಯಿತು. ಅವಳ ಪ್ರವೇಶ ರದ್ದು ಮಾಡಲು ಹೊರಟಾಗ ಮಾತ್ರ ಯಂತ್ರ ಒಪ್ಪಲಿಲ್ಲ. ಹೆಸರೇ ಇಲ್ಲದವಳ ಪ್ರವೇಶವನ್ನು ಅದು ರದ್ದು ಮಾಡುವುದಾದರೂ ಹೇಗೆ? ಹಾಗಾಗಿ ಅವಳ ಫೋಟೊ ತೆಗೆದು, ಹೆಸರು ಸೇರಿಸಿ, ಹೊಸ ಬಿಲ್ಲೆ ಮಾಡಿಸಿದರು.

"ತೋರಿಸು ಒಂದ್ಸಲ," ಎಂದರು ಮ್ಯಾನೇಜರ್. "ದಾಖಲೆಗೆ."

ತೋರಿಸಿದಳು. ಬಾಗಿಲು ತೆರೆಯಿತು, ಪರದೆಯ ಮೇಲೆ ಅವಳ ಹೆಸರು ಪೂರ್ತಿಯಾಗಿ ಮೂಡಿತು.

"ಎಷ್ಟು ಚೆನ್ನಾಗಿ ಬಂದಿತ್ತು ಗೊತ್ತೇನಕ್ಕ," ಎಂದಳು ಮನೆಗೆ ಬಂದು. "ಇನ್ನೊಂದ್ಸಲ ನೋಡೋಣಾಂತ ತೋರಿಸಿದೆ. ಅಷ್ಟರಲ್ಲಿ ಅಳಿಸಿಬಿಟ್ಟಿದ್ರು."