ನಕ್ಷೆಗೆ ಬಾರದ ಹಗೇವು

ಬೆಳಿಗ್ಗೆ ಸೊಸೆ ಜೋಳದ ಚೀಲದ ಬಾಯಿ ಬಿಚ್ಚಿದಳು. ತೇವ ತಾಗಿತ್ತೋ ಏನೋ, ಮುಗ್ಗಲು ವಾಸನೆ ಪಡಸಾಲೆಯವರೆಗೂ ಬಂತು. ಆ ವಾಸನೆಗೆ ನನಗೆ ಈರಮ್ಮ ಎಂಬ ಮುದುಕಿ ನೆನಪಾಗುತ್ತಾಳೆ. ಕೇಳುವ ಪುರಸೊತ್ತಿದ್ದರೆ ಕೂತುಕೊಳ್ಳಿ. ನನಗಂತೂ ಬೇರೆ ಕೆಲಸವಿಲ್ಲ.

ನಿಜಾಮನ ಆಳಿಕೆ ಮುಗಿದು ನಾಲ್ಕೈದು ವರ್ಷವಾಗಿತ್ತು. ಕಾಲುವೆ ಸಿಂಧನೂರಿನತ್ತ ಬರುತ್ತಿತ್ತು. ನೀರು ಬಂದರೆ ಜನ ಬರುತ್ತಾರೆ, ಜನ ಬಂದರೆ ಮನೆ ಬೇಕು. ಮುಂದಿನ ಇಪ್ಪತ್ತು ವರ್ಷಕ್ಕಾಗುವಷ್ಟು ಜಾಗ ಈಗಲೇ ಗುರುತಿಸಿ ಎಂದು ಹುಕುಂ ಬಂತು. ಅಳತೆಯ ಕೆಲಸ ನನ್ನ ಪಾಲಿಗೆ ಬಿತ್ತು. ನನಗಿನ್ನೂ ಮೀಸೆ ನೆಟ್ಟಗೆ ಬಂದಿರಲಿಲ್ಲ, ಆದರೆ ಊರು ಯಾವ ಕಡೆ ಬೆಳೆಯಬೇಕೆಂಬುದು ಚೆನ್ನಾಗಿ ಗೊತ್ತಿತ್ತು.

ಊರಾಚೆಯ ದಿನ್ನೆಯನ್ನು ಆರಿಸಿದೆ. ಗರಸು ನೆಲ, ಮಳೆನೀರು ನಿಲ್ಲುವುದಿಲ್ಲ. ಸರಪಳಿ ಹಿಡಿಯಲು ಮಸ್ಕಿಯ ಹುಸೇನಪ್ಪ ಇದ್ದ. ನಾವಿಬ್ಬರೂ ಸುಣ್ಣದ ಗೆರೆ ಎಳೆಯುವುದು, ಮರುದಿನ ಅದರಲ್ಲಿ ಒಂದು ಗೆರೆ ಮಾತ್ರ ಅಳಿಸಿರುವುದು, ಹೀಗೆ ನಾಲ್ಕು ದಿನ ನಡೆಯಿತು. ಆ ಜಾಗದಲ್ಲಿ ಈರಮ್ಮ ಕೂತಿರುತ್ತಿದ್ದಳು.

"ಯಾಕವ್ವ, ಇಲ್ಲೇ ಯಾಕ ಕುಂದರ್ತಿ ದಿನಾ?"

"ಬಿಸಲಿಗಿ ಮೈ ಕಾಸಾಕತ್ತೀನಿ ತಮ್ಮಾ."

ಅದು ನೆತ್ತಿ ಸುಡುವ ಬೇಸಿಗೆ. ನನಗೆ ರೇಗಿತು. ನಾಳೆ ಇಲ್ಲೇ ತಗ್ಗು ತೋಡಿ ಕಲ್ಲು ನೆಡುತ್ತೇವೆ ಎಂದು ಗದರಿಸಿದೆ. ಆಕೆ ಹುಸೇನಪ್ಪನನ್ನು ನೀರು ತರಲು ಅಟ್ಟಿ, ಅವನು ಮರೆಯಾಗುವವರೆಗೂ ಕಾದಳು.

"ನೀ ನಿಂತಿದ್ದಿ ಅಲ್ಲಾ, ಅದರ ಕೆಳಗ ನಮ್ಮ ಹಗೇವು ಐತಿ. ನನ್ನ ಗಂಡ ಸಾಯಾಗ ನನಗೊಬ್ಬಾಕಿಗೇ ತೋರಿಸ್ಯಾನ. ಮೈದುನಗೂ ಗೊತ್ತಿಲ್ಲ. ನಿಜಾಮನ ಕಾಲದ ಗದ್ದಲದಾಗ ಮನಿಯಾಗಿಂದೆಲ್ಲಾ ಲೂಟಿ ಹೋತು, ಇದೊಂದು ಉಳೀತು. ನಾಕು ಮೊಮ್ಮಕ್ಕಳ ವರ್ಷದ ಜ್ವಾಳ ಐತಪಾ ಒಳಗ."

ನಾನು ಗಾಬರಿಯಿಂದ ಪಕ್ಕಕ್ಕೆ ಹಾರಿದೆ. ನೆಲದೊಳಗೆ ತೋಡಿದ ಕಣಜ ಎಲ್ಲಿದೆಯೆಂದು ಯಾರೂ ಯಾರಿಗೂ ಹೇಳದ ಕಾಲ ಅದು. ನೀರು ನಿಲ್ಲದ ನೆಲವೆಂದು ನಾನು ಹುಡುಕಿದ ಜಾಗವನ್ನು ಅವರ ಹಿರಿಯರು ಎಂದೋ ಹುಡುಕಿಟ್ಟಿದ್ದರು. ಜಾಗ ಸರಕಾರದ್ದು, ಅವಳ ಹತ್ತಿರ ಕಾಗದವಿಲ್ಲ. ಹಗೇವು ಎಂದು ನಕ್ಷೆಯಲ್ಲಿ ಬರೆದರೆ ಊರಿಗೆಲ್ಲಾ ಗೊತ್ತಾಗುತ್ತದೆ.

ರಸ್ತೆಯನ್ನು ಸೊಟ್ಟ ಮಾಡಿದೆ. ಆ ಜಾಗಕ್ಕೆ ಹಸಿರು ಬಳಿದು 'ಆಟದ ಬಯಲು' ಎಂದು ಬರೆದೆ. ಮಂಜೂರಿಗೆ ಲಿಂಗಸುಗೂರಿಗೆ ಹೋದಾಗ ಸಾಹೇಬರು ಬೆರಳಿಟ್ಟು, "ಇಲ್ಲ್ಯಾಕ ಡೊಂಕು?" ಎಂದರು.

"ಕೆಳಗ ನೆಲ ಗಟ್ಟಿಲ್ರೀ ಸರ್," ಎಂದೆ. ಸುಳ್ಳೂ ಅಲ್ಲ ನೋಡಿ. ಸಹಿ ಬಿತ್ತು.

ಇಲ್ಲಿಯವರೆಗಿನ ಕಥೆಯನ್ನು ನಾನು ಎಷ್ಟು ಮದುವೆ ಮನೆಗಳಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ. ಕೇಳಿದವರು ದೊಡ್ಡ ಮನಸ್ಸು ನಿಮ್ಮದು ಎನ್ನುತ್ತಾರೆ, ನಾನು ಬೇಡ ಬೇಡವೆನ್ನುತ್ತಾ ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುತ್ತೇನೆ.

ಕಾಲುವೆ ದಿನ್ನೆಯ ಮೇಲ್ಗಡೆಯೇ ಹಾದುಹೋಯಿತು. ನೀರು ಬಿಟ್ಟ ವರ್ಷ ಈರಮ್ಮ ಕಚೇರಿಗೆ ಬಂದು ನನ್ನ ಮೇಜಿನ ಮೇಲೆ ಒಂದು ಹಿಡಿ ಜೋಳ ಸುರಿದಳು. ಕರ್ರಗಾಗಿತ್ತು, ಇದೇ ವಾಸನೆ.

"ಕೆಳಗಿಂದ ನೀರು ಬಂದೈತಿ ತಮ್ಮಾ. ಹಿಂಗಾಗತೈತಿ ಅಂತ ನಿನಗ ಗೊತ್ತಿತ್ತೇನು?"

ಇಲ್ಲವೆಂದೆ. ಆ ವರ್ಷ ಆಕೆ ದಢೇಸುಗೂರಿನಲ್ಲಿ ನೆಲ್ಲು ನಾಟಿಯ ಕೂಲಿಗೆ ಹೋದಳು. ಜೋಳದ ರೊಟ್ಟಿ ತಿಂದು ಬೆಳೆದ ಮೊಮ್ಮಕ್ಕಳಿಗೆ ನುಚ್ಚಕ್ಕಿಯ ಗಂಜಿ ಕುಡಿಸಿದಳೆಂದು ಹುಸೇನಪ್ಪ ಹೇಳಿದ.

ಗೊತ್ತಿತ್ತು. ಕಾಲುವೆ ಬಂದ ಮೇಲೆ ದಿನ್ನೆಗೆ ಜೌಗು ಏರುತ್ತದೆಂದು ಕಾಲುವೆಯ ಇಂಜಿನಿಯರರು ಹೇಳಿದ್ದರು. ಅದಕ್ಕೆಂದೇ ಮುಂದೆ ಬರುವ ಮನೆಗಳಿಗೆಲ್ಲ ನಾನು ನಕ್ಷೆಯಲ್ಲಿ ಚರಂಡಿ ಬರೆದಿದ್ದೆ. ಇನ್ನೂ ಹುಟ್ಟದ ಮನೆಗಳ ಗೋಡೆ ಹಸಿಯಾಗಬಾರದೆಂದು ಯೋಚಿಸಿದವನಿಗೆ, ಕಾಲ ಕೆಳಗಿದ್ದ ಜೋಳದ ನೆನಪೇ ಬರಲಿಲ್ಲ.

"ಮಾವಾರ, ಜ್ವಾಳ ಚೆಲ್ಲಲೇನ್ರೀ?" ಎಂದು ಬೆಳಿಗ್ಗೆ ಸೊಸೆ ಚೀಲದ ಮುಂದೆ ನಿಂತು ಕೇಳಿದಳು. ನಮ್ಮ ಮನೆ ಇರುವುದೂ ಅದೇ ಬಡಾವಣೆಯಲ್ಲಿ, ಆ ಡೊಂಕಿನ ಪಕ್ಕದಲ್ಲಿ. ಇಂದು ಮೊದಲ ಸಲ ಅವಳಿಗೆ ಚರಂಡಿಯ ಮಾತನ್ನೂ ಸೇರಿಸಿ ಹೇಳಿದೆ. ಮೊರ ಹಿಡಿದು ನಿಂತೇ ಕೇಳಿದಳು.

"ಆಕಿ ಗುಟ್ಟು ಕಾಯ್ದ್ರಿ, ಖರೆ," ಎಂದಳು. "ಹಗೇವು ಖಾಲಿ ಮಾಡವ್ವ ಅಂತ ಒಂದು ಮಾತು ಹೇಳಬೇಕಿತ್ತಲ್ರೀ ಮಾವಾರ."