ಅವಧಿಗೆ ಮೊದಲೇ ಎಣ್ಣೆ ಬದಲಿಸುತ್ತಿದ್ದ ಭೀಮಗೊಂಡ ಮಿಸ್ತ್ರಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ರಸ್ತೆಗಳಲ್ಲಿ ಕಳೆದ ಮೂವತ್ತು ವರ್ಷ ಓಡಾಡಿದ ಗಾಡಿಗಳ ಪೈಕಿ ಶ್ರೀ ಭೀಮಗೊಂಡ ಚೌಗಲಾ ಅವರ ಕೈ ಸೋಂಕದ ಗಾಡಿ ಅಪರೂಪ. ಆ ಗಾಡಿಗಳ ಹೊಟ್ಟೆಯೊಳಗಿನ ಸಂಕಟವನ್ನು ಅವರಷ್ಟು ಬಲ್ಲ ಮಿಸ್ತ್ರಿಯಂತೂ ಇನ್ನೂ ಅಪರೂಪ. ಪಂಚಧಾರಾ ಹಾಲು ಸಹಕಾರ ಸಂಘದ ಏಕಸಂಬಿಯ ಶೆಡ್ಡಿನಲ್ಲಿ ಸೇವೆಗೆ ಸೇರಿ, ಈ ೧೯೯೯ರ ಮೇ ತಿಂಗಳಲ್ಲಿ ಅದೇ ಸಂಘದಿಂದ ನಿವೃತ್ತರಾಗುತ್ತಿರುವ ಅವರಿಗೆ ಶಿಷ್ಯಬಳಗವು ಈ ಗ್ರಂಥವನ್ನು ಅರ್ಪಿಸುತ್ತಿರುವುದು ಸಂತೋಷದ ಸಂಗತಿ. ಸಂಪಾದಕರು ಈ ಲೇಖಕನಿಂದ ಬಯಸಿದ್ದು ಗುರುಗಳ ಎಣ್ಣೆಯ ಪದ್ಧತಿಯನ್ನು ಕುರಿತ ನಾಲ್ಕು ಮಾತು. ಬಳಗದಲ್ಲಿ ಓದು ಬರಹ ಬಲ್ಲವನು, ಚಿಕ್ಕೋಡಿಯ ವಾಹನ ತರಬೇತಿ ಶಾಲೆಯಲ್ಲಿ ಪಾಠ ಹೇಳುವವನು ಎಂಬ ಕಾರಣಕ್ಕೆ ಅವರು ಕೇಳಿದರು. ಇವನ ಯೋಗ್ಯತೆ ಅವರಿಗೆ ಗೊತ್ತಿಲ್ಲ.

ಈ ಲೇಖಕ, ಅಂದರೆ ಪಾರಿಸ, ೧೯೮೪ರಲ್ಲಿ ಸಂಘಕ್ಕೆ ಡ್ರೈವರನಾಗಿ ಬಂದಾಗ ಸ್ಟೇರಿಂಗ್ ತಿರುಗಿಸುವುದೊಂದನ್ನು ಬಿಟ್ಟು ಬೇರೇನೂ ಅರಿಯನು. ತಾಯಿ ತೀರಿಕೊಂಡು, ಮದುವೆಯೂ ಆಗದೆ, ಚಹಾದ ಮೇಲೆ ದಿನ ನೂಕುತ್ತಿದ್ದ ಕಾಲವದು. ಮಿಸ್ತ್ರಿಯವರ ಊಟದ ಡಬ್ಬಿಯಲ್ಲಿ ಎರಡು ರೊಟ್ಟಿ ಹೆಚ್ಚಿಗೆ ಬರತೊಡಗಿದವು. ಕಟ್ಟುತ್ತಿದ್ದವರು ಅವರ ಧರ್ಮಪತ್ನಿ ಜಿನಮತಿ ಕಾಕು. ಬೇಡವೆಂದು ಸಂಕೋಚಪಟ್ಟರೆ ಮಿಸ್ತ್ರಿ ಗದರುವರು: “ತಿನ್ನಲೇ ಸುಮ್ಮ. ಹೊಟ್ಟಿ ಖಾಲಿ ಇದ್ರ ನಟ್ಟ ಬಿಚ್ಚೂ ಪಾನಾ ಕೈಯಾಗಿಂದ ಜಾರತೈತಿ.” ಮುಂದೆ ಮದುವೆಯಾದ ಮೇಲೂ ನಿಲ್ಲದೆ, ಎಂಟು ವರ್ಷ ಆ ರೊಟ್ಟಿ ತಿಂದದ್ದಾಯಿತು. ಅಯ್ಯೋ, ತಿಂದ ಅನ್ನದ ಋಣ ಎನ್ನುತ್ತಾರಲ್ಲ, ಅದು ಎಂಥದ್ದೆಂದು ಇವನಿಗೆ ಚೆನ್ನಾಗಿ ಗೊತ್ತು.

೧೯೮೬ರಲ್ಲಿ ಸಂಘಕ್ಕೆ ನಾಲ್ಕೂ ಗಾಲಿಗೆ ಎಳೆತವಿರುವ ಹೊಸ ಪಿಕಪ್ ಗಾಡಿ ಬಂತು. ಇಂಥ ಗಾಡಿಯಲ್ಲಿ ಹಿಂದಿನ ಅಚ್ಚಿನ ನಡುವೆ ಒಂದು, ಮುಂದಿನ ಅಚ್ಚಿನ ನಡುವೆ ಒಂದು, ಹೀಗೆ ಬಲವನ್ನು ಗಾಲಿಗಳಿಗೆ ಮುಟ್ಟಿಸುವ ಎರಡು ಡಿಫರೆನ್ಷಿಯಲ್‌ಗಳು, ನಮ್ಮ ಕಡೆಯ ಮಾತಿನಲ್ಲಿ ಗುಂಡಾಲಿಗಳು, ಇರುತ್ತವೆ. ಎಂಜಿನ್ನಿನ ಬಲವನ್ನು ಹಿಂದಕ್ಕೂ ಮುಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್ ಎಂಬ ಪೆಟ್ಟಿಗೆ ಗಾಡಿಯ ನಡುಹೊಟ್ಟೆಯಲ್ಲಿರುತ್ತದೆ. ಮೂರರಲ್ಲೂ ಹಲ್ಲಿನ ಚಕ್ರ, ಮೂರಕ್ಕೂ ಬೇರೆಬೇರೆ ಎಣ್ಣೆ. ಆ ಎಣ್ಣೆ ಬಹುದೂರ ಬಾಳುತ್ತದೆಂದು ಕಂಪನಿಯ ಪುಸ್ತಕ ಹೇಳುತ್ತಿತ್ತು. ಮಿಸ್ತ್ರಿಯವರು ಸಾವಿರ ಕಿಲೋಮೀಟರಿಗೇ ಮೂರನ್ನೂ ಬಿಚ್ಚಿ ಬರಿದು ಮಾಡಿದರು. ಅಧ್ಯಕ್ಷರು ಓಡಿ ಬಂದರು.

“ಏನ್ರೀ ಮಿಸ್ತ್ರಿ, ಬಂಗಾರದಂಥಾ ಎಣ್ಣಿ ಚೆಲ್ಲಾಕತ್ತೀರಿ?”

“ಸಾಹೇಬ್ರ, ಇಲ್ಲೆ ಬರ್ರಿ” ಎಂದು ಮಿಸ್ತ್ರಿ ಆ ಎಣ್ಣೆಯನ್ನು ಬಿಳಿ ಧೋತರದ ತುಂಡಿನಲ್ಲಿ, ಮನೆಯಲ್ಲಿ ಕುಡಿಯುವ ನೀರು ಗಾಳಿಸುವ ಶ್ರದ್ಧೆಯಲ್ಲೇ ಗಾಳಿಸಿ ತೋರಿಸಿದರು. ಬಟ್ಟೆಯ ಮೇಲೆ ಉಕ್ಕಿನ ಪುಡಿ ಮಿರಮಿರ ಮಿಂಚುತ್ತಿತ್ತು. “ಹೊಸಾ ಗಾಡಿ ಮೊದಲ ತನ್ನ ಹಲ್ಲ ತಾನ ತೇಯತೈತ್ರಿ. ಆ ಪುಡಿ ಒಳಗ ಬಿಟ್ರ ಉಳದ ಹಲ್ಲೂ ತಿಂತೈತಿ. ಮತ್ತ ಕಾದ ಗುಂಡಾಲಿ ತಣ್ಣೀರಾಗ ಮುಳಗಿದ್ರ ನೀರ ಒಳಗ ಜಗ್ಗತೈತಿ. ಪುಸ್ತಕ ಬರದಾಂವ ನಮ್ಮ ಪಾಲಬಾವಿ ಹಳ್ಳಾ ನೋಡ್ಯಾನೇನ್ರಿ?”

ಅಂದಿನಿಂದ ಅದೇ ನಿಯಮವಾಯಿತು. ಗಾಡಿ ಗಾಲಿಯ ನಡುವಿನ ಗುಂಬದ ಮಟ ನೀರು ದಾಟಿದರೆ ಮರುದಿನವೇ ಮೂರೂ ಕಡೆ ಎಣ್ಣೆ ಬದಲಾಯಿಸಿ ಶೆಡ್ಡಿನ ಕರಿಹಲಗೆಯ ಮೇಲೆ ಬರೆಯಬೇಕು. ಆರು ಮಳೆಗಾಲ ಆ ಪಿಕಪ್ಪು ಎರೆಮಣ್ಣಿನ ಕೆಸರಿನಲ್ಲಿ, ತುಂಬಿದ ಹಳ್ಳಗಳಲ್ಲಿ ಹಾಲಿನ ಕ್ಯಾನು ಹೊತ್ತು ಓಡಿತು. ಒಂದು ದಿನವೂ ನಡುದಾರಿಯಲ್ಲಿ ಕೈಕೊಡಲಿಲ್ಲ. ಸುತ್ತಣ ಊರುಗಳ ಮಿಸ್ತ್ರಿಗಳು ಬಂದು ಕಲಿತು ಹೋದರು. ಅವರೇ ಇಂದು ಈ ಗ್ರಂಥದ ಇತರ ಪುಟಗಳನ್ನು ತುಂಬಿದ್ದಾರೆ.

೧೯೯೨ರ ಭಾದ್ರಪದ. ಮಿಸ್ತ್ರಿಯವರು ಪ್ರತಿವರ್ಷದಂತೆ ದಶಲಕ್ಷಣ ಪರ್ವದ ಹತ್ತು ದಿನ ಉಪವಾಸ ಹಿಡಿದು ಬಸದಿಯಲ್ಲಿ ಕುಳಿತರು. ಹೋಗುವ ಮುನ್ನ ಹೇಳಿದ್ದು ಒಂದೇ ಮಾತು: “ಪಾರಿಸಾ, ನೀರ ದಾಟಿದ್ರ ಮೂರೂ ಬದಲ ಮಾಡಪಾ. ನನ್ನ ಹಾದಿ ಕಾಯಬ್ಯಾಡ.” ಮೂರನೆಯ ದಿನವೇ ಪಾಲಬಾವಿಯ ಹಳ್ಳ ಉಕ್ಕಿತು, ಹೋಗುತ್ತ ಒಮ್ಮೆ, ಬರುತ್ತ ಒಮ್ಮೆ ಗಾಡಿ ನೀರಿನಲ್ಲಿ ಮುಳುಗಿ ಎದ್ದಿತು. ಮರುದಿನ ಕರಿಹಲಗೆಯ ಮೇಲೆ ‘ಮೂರೂ ಕಡೆ ಬದಲಾಯಿಸಿದೆ’ ಎಂಬ ಬರಹ ಈ ಲೇಖಕನ ಅಕ್ಷರದಲ್ಲಿ ಮೂಡಿತ್ತು.

ಇಲ್ಲಿಯವರೆಗೆ ‘ಈ ಲೇಖಕ’ ಎಂಬ ಮುಸುಕು ಹೊದ್ದು ಬಂದದ್ದಾಯಿತು. ಇನ್ನು ಮುಂದೆ ಅದನ್ನು ಹೊದ್ದರೆ ಮನುಷ್ಯನೆನಿಸಿಕೊಳ್ಳಲಾರೆ. ನಾನು ಬದಲಾಯಿಸಿರಲಿಲ್ಲ. ಅಂದು ಕಾಗವಾಡದಲ್ಲಿ ನನ್ನ ಹೆಂಡತಿಯ ತಮ್ಮನ ಕುಸ್ತಿಯಿತ್ತು. ಎಣ್ಣೆ ಇಳಿಸಿ ಏರಿಸಲು ಅರ್ಧ ದಿನ ಬೇಕು, ಕುಸ್ತಿ ತಪ್ಪುತ್ತದೆ, ನಾಳೆ ಮಾಡಿದರಾಯಿತು ಎಂದುಕೊಂಡು ಬಳಪ ಹಿಡಿದೆ. ನಾಳೆ ನಾಡಿದ್ದಾಯಿತು. ಆಮೇಲೆ ಮರೆತೆ. ಇಷ್ಟೇ. ಇದಕ್ಕಿಂತ ದೊಡ್ಡ ಕಾರಣವಿದ್ದಿದ್ದರೆ ಬರೆಯುತ್ತಿದ್ದೆ.

ಪರ್ವ ಮುಗಿದ ಮರುದಿನ ನಮ್ಮಲ್ಲಿ ಹಿರಿಯ ಕಿರಿಯರೆನ್ನದೆ ಒಬ್ಬರನ್ನೊಬ್ಬರು ಕ್ಷಮೆ ಕೇಳುವುದು ವಾಡಿಕೆ. ಉಪವಾಸದಿಂದ ಸೊರಗಿದ ಮಿಸ್ತ್ರಿ ಶೆಡ್ಡಿಗೆ ಬಂದು, ಹಲಗೆ ಓದಿ, ಬೆನ್ನು ತಟ್ಟಿ, ತಮ್ಮ ಅರ್ಧ ವಯಸ್ಸಿನ ನನ್ನೆದುರು ಕೈ ಜೋಡಿಸಿದರು. “ವರ್ಷಾನಗಟ್ಲೆ ಬೈದೀನಿ. ಕ್ಷಮಾ ಮಾಡಪಾ.” ನಾನೂ ಕೈ ಜೋಡಿಸಿ “ನಂದೂ ತಪ್ಪ ಆಗಿದ್ರ ಕ್ಷಮಾ ಮಾಡ್ರಿ, ಕಾಕಾ” ಎಂದೆ. “ಮಾಡೀನಿ, ಹೋಗು” ಎಂದು ನಕ್ಕರು. ಯಾವುದನ್ನು ಕ್ಷಮಿಸಿದರೆಂದು ಅವರಿಗೆ ತಿಳಿದಿರಲಿಲ್ಲ. ಅವರು ಎಣ್ಣೆ ಬಿಚ್ಚಿ ನೋಡಲಿಲ್ಲ, ನನ್ನನ್ನು ನಂಬಿದ್ದರು.

ಮುಂದಿನ ವಾರ ಮಂಗಸೂಳಿಯ ದಾರಿಯ ಇಳಿಜಾರಿನಲ್ಲಿ ಹಿಂದಿನ ಗುಂಡಾಲಿ ಒಮ್ಮೆಲೇ ಕಚ್ಚಿಕೊಂಡಿತು. ಗಾಲಿ ನಿಂತವು, ಗಾಡಿ ಮಗುಚಿ ಕಾಲುವೆಗೆ ಬಿತ್ತು. ನನಗೆ ಗೀರೂ ಆಗಲಿಲ್ಲ. ಹಿಂದೆ ಕ್ಯಾನುಗಳ ನಡುವೆ ಕುಳಿತಿದ್ದ ಹಮಾಲ ಮಾಳಸಿದ್ದನ ಬಲಗಾಲನ್ನು ಮಿರಜಿನ ಆಸ್ಪತ್ರೆಯಲ್ಲಿ ಮೊಣಕಾಲ ಕೆಳಗೆ ತೆಗೆದರು.

ತನಿಖೆಗೆ ಹೊರಗಿನಿಂದ ಒಬ್ಬ ಎಂಜಿನಿಯರು ಬಂದರು. ಗುಂಡಾಲಿ ಬಿಚ್ಚಿದರೆ ಎಣ್ಣೆ ಹಾಲು ಬೆರೆತ ಚಹಾದ ಬಣ್ಣಕ್ಕೆ ತಿರುಗಿತ್ತು. ಅವರು ಹಲಗೆ ನೋಡಿದರು, ನನ್ನನ್ನು ಕೇಳಿದರು. “ಬದಲ ಮಾಡಿದ್ದಿ ಏನಪ್ಪಾ?” “ಹೌದ್ರಿ, ಮಾಡಿದ್ದೆ.” ಅಲ್ಲಿಗೆ ತೀರ್ಪಾಯಿತು. ಎಣ್ಣೆ ಹೊಸದು, ಆದರೂ ನೀರಿದೆ. ಅಂದರೆ ಮಳೆಯಲ್ಲಿ ಬಿಚ್ಚಿದಾಗಲೇ ನೀರು ಹೊಕ್ಕಿದೆ. ಬೇಡದ ಕಾಲಕ್ಕೆ ಬಿಚ್ಚುವ ಮಿಸ್ತ್ರಿಯ ಚಟವೇ ಅಪಘಾತಕ್ಕೆ ಕಾರಣ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು. ಮಿಸ್ತ್ರಿಯವರನ್ನು ಶೆಡ್ಡಿನಿಂದ ತೆಗೆದು ಡೇರಿಯ ಗೇಟಿನ ಕಾವಲಿಗೆ ಹಾಕಿದರು. ಅವರು ಶೆಡ್ಡಿನ ಬೀಗದ ಕೈ ಒಪ್ಪಿಸಿ ಗೇಟಿಗೆ ನಡೆದರು. ನಾನು ಎದುರಿಗೇ ನಿಂತಿದ್ದೆ.

ಗೇಟಿಗೆ ಹಾಕಿದ್ದನ್ನಾದರೂ ಸಹಿಸಬಹುದಿತ್ತು. ಅವರು ಆ ತೀರ್ಪನ್ನು ನಂಬಿಬಿಟ್ಟರು. ಮೊದಮೊದಲು ಹಳೆಯ ಶಿಷ್ಯರು ಸಲಹೆ ಕೇಳಲು ಗೇಟಿಗೆ ಹೋಗುತ್ತಿದ್ದರು. “ಪುಸ್ತಕದಾಗ ಇದ್ದಂಗ ಮಾಡ್ರಪಾ. ನನ್ನ ಮಾತ ಕೇಳಿ ಒಬ್ಬಾಂವ ಕಾಲ ಕಳಕೊಂಡಾನ” ಎಂದು ಅವರನ್ನು ತಿರುಗಿಸಿ ಕಳಿಸುತ್ತಿದ್ದರು. ಏಳು ವರ್ಷ ಅವರು ಪಾನಾ ಮುಟ್ಟಲಿಲ್ಲ. ಪ್ರತಿ ಭಾದ್ರಪದದಲ್ಲಿ ಮಾಳಸಿದ್ದನ ಮನೆಗೆ ನಡೆದು ಹೋಗಿ ಕೈ ಜೋಡಿಸಿ ಬರುತ್ತಿದ್ದರಂತೆ. ನಾನೋ, ಸಂಘ ಬಿಟ್ಟು ಚಿಕ್ಕೋಡಿಯ ಶಾಲೆ ಸೇರಿ ಅವರದೇ ಪದ್ಧತಿಯನ್ನು ಪಾಠ ಮಾಡಿ ಸಂಬಳ ತಿನ್ನುತ್ತಿದ್ದೆ.

ಕಳೆದ ತಿಂಗಳು ಈ ಲೇಖನದ ನೆಪದಲ್ಲಿ ಅವರ ಮನೆಗೆ ಹೋದೆ. ಹೇಳಿಯೇ ಬರಬೇಕೆಂದು ಹೊರಟಿದ್ದೆ. ಜಿನಮತಿ ಕಾಕು ನೀರು ಕೊಟ್ಟು ಒಳಗೆ ಹೋದರು. ಮಿಸ್ತ್ರಿ ತಮ್ಮ ಅಂಗೈ ನೋಡಿಕೊಳ್ಳುತ್ತ ಕೇಳಿದರು: “ಪಾರಿಸಾ, ನೀ ಈಗ ದೊಡ್ಡ ದೊಡ್ಡ ಪುಸ್ತಕ ಓದೀದಿ. ಖರೇ ಹೇಳು. ಅವತ್ತ ನಾ ಹೇಳಿದ್ದರಾಗ ಏನ ತಪ್ಪಿತ್ತಪಾ? ಏಳ ವರ್ಷ ಆತು, ನನಗ ತಿಳಿವಲ್ದು.”

ಹೇಡಿ ನಾನು, ನೀರು ಕುಡಿದು ಎದ್ದು ಬಂದೆ.

ಆದ್ದರಿಂದ ಸಂಪಾದಕರಲ್ಲಿ ವಿನಂತಿ: ಸಮಾರಂಭದ ದಿನ ಹಾರ ಶಾಲುಗಳಿಗೆ ಮೊದಲು ಈ ಲೇಖನವನ್ನು ಓದಲು ನನಗೆ ಅವಕಾಶ ಕೊಡಬೇಕು, ಮಾಳಸಿದ್ದನನ್ನು ಕರೆಸಿ ಮುಂದಿನ ಸಾಲಿನಲ್ಲಿ ಕೂಡಿಸಬೇಕು. ಆಮೇಲೆ ಅವರಿಬ್ಬರೂ, ಸಂಘವೂ ನನಗೇನು ಮಾಡಿದರೂ ತಲೆಬಾಗುತ್ತೇನೆ.

ಪೂಜ್ಯ ಮಿಸ್ತ್ರಿಯವರಿಗೆ ಜಿನೇಶ್ವರನು ದೀರ್ಘಾಯುಷ್ಯ ಕೊಡಲಿ, ಕಾಕು ಅವರ ಜೊತೆಗಿರಲಿ. ಇನ್ನು ಅವರ ಪ್ರಶ್ನೆಗೆ ಉತ್ತರ. ಕಾಕಾ, ನೀವ ಹೇಳಿದ್ದರಾಗ ಏನೂ ತಪ್ಪಿರಲಿಲ್ರಿ. ನಾ ಎಣ್ಣಿ ಬದಲ ಮಾಡಿರಲಿಲ್ಲ. ಮಳೆಗಾಲ ಹತ್ತಿರ ಬಂದೈತಿ, ಹಳ್ಳ ದಾಟಿದ ಗಾಡಿ ನಿಮ್ಮ ಬಾಗಲಿಗೆ ಬರತಾವು. ತಿರುಗಿಸಿ ಕಳಸಬ್ಯಾಡ್ರಿ.